ಕ್ಯಾಮೆರಾ ಹಿಡ್ಕೊಂಡು ಟ್ಯಾಂಗ್ರಾ ಸುತ್ತಿದ್ದು

ನಮ್ ಮೈಸೂರಲ್ಲಿ ಫೋಟೋ ವಾಕ್ ಅಂದ್ರೆ ದೇವರಾಜ ಮಾರ್ಕೆಟ್ಟು, ಅರಮನೆ ಲೈಟಿಂಗು ಅಷ್ಟೇ, ಅದಕ್ಕೇ ಕೋಲ್ಕತ್ತಾಗೆ ಹೋದಾಗ ಸರಸ್ವತಿಪುರಂ ಗೆಳೆಯನ್ನ ಎಳ್ಕೊಂಡು ಸಂಜೆ ಟ್ಯಾಂಗ್ರಾ ಕಡೆ ಹೊರಟೆ. ಹಕ್ಕಾ ಅನ್ನೋ ಸಮುದಾಯದ ಚೀನಿಯರು ಚರ್ಮ ಹದ ಮಾಡ್ತಿದ್ದ ಏರಿಯಾ ಅದು, 1996ರಲ್ಲಿ ಸುಪ್ರೀಂ ಕೋರ್ಟು ಟ್ಯಾನರಿಗಳನ್ನ ಊರಾಚೆ ಸಾಗಿಸಿ ಅಂದ್ಮೇಲೆ ಈಗ ಕಣ್ಣಿಗೆ ಬೀಳೋದು ಹೋಟ್ಲುಗಳೇ.

ಚೀನೀ ಕಾಳಿ ಗುಡಿ ಮುಂದೆ ಮಾತ್ರ ತುಂಬ ಹೊತ್ತು ನಿಂತ್ಬಿಟ್ವಿ. ಕೆಂಪು ದಾಸವಾಳದ ಹಾರ, ಪಕ್ಕದಲ್ಲೇ ಉದ್ದುದ್ದ ಚೀನೀ ಊದುಬತ್ತಿ ಹೊಗೆ, ನೈವೇದ್ಯಕ್ಕೆ ನೂಡಲ್ಸ್ ಬೇರೆ! "ಚಾಮುಂಡಿ ತಾಯಿಗೆ ನೂಡಲ್ಸ್ ಇಟ್ರೆ ನಮ್ಮಜ್ಜಿ ಸುಮ್ನೆ ಬಿಡ್ತಾರಾ ಮಗಾ" ಅಂದ ಅವ್ನು.

ಕತ್ಲಾಯ್ತು, ಕತ್ಲಲ್ಲೂ ಫೋಟೋ ಬೆಳಗೋಕೆ ಕ್ಯಾಮೆರಾದ ಐಎಸ್ಒ ಸೆಟ್ಟಿಂಗ್ 3200ಕ್ಕೆ ಏರಿಸ್ದೆ, ಗ್ರೇನ್ ಅಂದ್ರೆ ಸಣ್ಣ ಸಣ್ಣ ಚುಕ್ಕಿ ಬಂತು, ಬರ್ಲಿ ಬಿಡಿ, ಹೊಗೆಗೆ ಅದೇ ಚೆಂದ. ಆಮೇಲೆ ಚಿಲ್ಲಿ ಚಿಕನ್ ಬಂದ್ಮೇಲೆ ಕ್ಯಾಮೆರಾ ಯಾರಿಗ್ ಬೇಕು. ಫೋಟೋ ಎಲ್ಲಾ ಮೈಸೂರಿಗೆ ಬಂದು ಈಗ ಅಪ್‌ಲೋಡ್ ಮಾಡ್ತಿದೀನಿ, ನೋಡಿ.