ಪೇತ್ರನ ಕೈಗೆ ಕುರಿಮಂದೆ

ಸೆಪ್ಟೆಂಬರ್ 8ರ ಮರಿಯಮ್ಮನವರ ಹಬ್ಬ ಬಂತೆಂದರೆ ಹರಿಹರದ ಆರೋಗ್ಯಮಾತೆಯ ಬೆಸಿಲಿಕಾ ಚರ್ಚಿಗೆ ಜನವೋ ಜನ. ಕ್ರೈಸ್ತರಷ್ಟೇ ಅಲ್ಲ, ಬೇರೆ ಧರ್ಮದವರೂ ಮೇಣದಬತ್ತಿ ಹಿಡಿದು ಬರುತ್ತಾರೆ. ಕಾಯಿಲೆ ವಾಸಿಯಾಗಲಿ, ಮಡಿಲು ತುಂಬಲಿ, ಸಾಲ ತೀರಲಿ ಅಂತ ಹರಕೆ ಹೊರುತ್ತಾರೆ. ನನ್ನ ಕಣ್ಣು ಹೋಗುವುದು ಪಾಪನಿವೇದನೆಗೆ, ಅಂದರೆ ಗುರುಗಳ ಬಳಿ ತಪ್ಪೊಪ್ಪಿಕೊಂಡು ದೇವರ ಕ್ಷಮೆ ಬೇಡಲು, ನಿಂತವರ ಕಡೆ. ಅಲ್ಲಿ ಮಾತಿಲ್ಲ. ತಲೆ ಮೇಲೆ ಸೆರಗು, ಬೆರಳ ಸಂದಿಯಲ್ಲಿ ಜಪಮಾಲೆ. ಸರದಿ ಹತ್ತಿರ ಬಂದಾಗ ಹಿಂದಿನವರನ್ನು ಮುಂದೆ ಬಿಟ್ಟು ತಾವು ಹಿಂದೆ ಸರಿಯುವವರೂ ಇದ್ದಾರೆ. ಅಲ್ಲಿ ಕೇಳಿದ್ದನ್ನು ಗುರುಗಳು ಪ್ರಾಣ ಹೋದರೂ ಯಾರಿಗೂ ಹೇಳುವಂತಿಲ್ಲ. ಅದು ಧರ್ಮಸಭೆಯ ಕಟ್ಟಳೆ. ಆದರೂ ಬಾಯಿ ಬರುವುದಿಲ್ಲ. "ದೇವರು ಇದನ್ನೂ ಕ್ಷಮಿಸ್ತಾನಾ?" ಅನ್ನುವ ಅನುಮಾನ ಸುಮ್ನೆ ಹೋಗುವಂಥದ್ದಲ್ಲ.

ಆಗ ನನಗೆ ಯೇಸುವಿನ ಶಿಷ್ಯ ಪೇತ್ರ ನೆನಪಾಗುತ್ತಾನೆ. ನಿನಗಾಗಿ ಪ್ರಾಣ ಬೇಕಾದರೂ ಕೊಡ್ತೀನಿ ಅಂತ ಯೇಸುವಿಗೆ ಅಂದಿದ್ದವನು. ಅದೇ ರಾತ್ರಿ, ಯೇಸುವನ್ನು ಹಿಡಿದು ತಂದಿದ್ದ ಪ್ರಧಾನ ಯಾಜಕನ ಅಂಗಳದಲ್ಲಿ, ಇದ್ದಿಲ ಬೆಂಕಿಗೆ ಮೈ ಕಾಯಿಸುತ್ತಾ, ಯೇಸು ಯಾರೋ ಗೊತ್ತಿಲ್ಲ ಅಂದುಬಿಟ್ಟ. ಒಂದಲ್ಲ, ಮೂರು ಸಲ. ಮೊದಲು ಕೇಳಿದ್ದು ಬಾಗಿಲು ಕಾಯುವ ಹುಡುಗಿ. ಅವಳಿಗೇ ಹೆದರಿದ. ಕೋಳಿ ಕೂಗಿತು. ಹೊರಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತ.

ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನಿಗೂ ಪಶ್ಚಾತ್ತಾಪವಾಗಿತ್ತು. ಅದಕ್ಕೆ ಪಡೆದಿದ್ದ 30 ಬೆಳ್ಳಿ ನಾಣ್ಯಗಳನ್ನು ದೇವಾಲಯದಲ್ಲೇ ಎಸೆದು ಬಂದ. ಆಮೇಲೆ ನೇಣು ಹಾಕಿಕೊಂಡ. ಓದುವಾಗೆಲ್ಲ ಕರುಳು ಹಿಂಡುತ್ತದೆ. ಇನ್ನೊಂದು ಮೂರು ದಿನ, ಶಿಲುಬೆಯಲ್ಲಿ ಸತ್ತ ಯೇಸು ಎದ್ದುಬರುವ ತನಕ, ತಡೆದಿದ್ದರೆ ಅನ್ನಿಸುತ್ತದೆ, ಅಲ್ವಾ?

ಪೇತ್ರ ಉಳಿದ. ಪುನರುತ್ಥಾನದ ನಂತರ ಒಂದು ಬೆಳಿಗ್ಗೆ ಯೇಸುಸ್ವಾಮಿ ತಿಬೇರಿಯ ಸರೋವರದ ದಡದಲ್ಲಿ ಬೆಂಕಿ ಹಾಕಿ, ಅದರ ಮೇಲೆ ಮೀನಿಟ್ಟು, ರೊಟ್ಟಿಯಿಟ್ಟು ಕಾಯುತ್ತಿದ್ದರು. ಅದೂ ಇದ್ದಿಲ ಬೆಂಕಿಯೇ. ಬೈಬಲಿನ ಯೊವಾನ್ನರ ಶುಭಸಂದೇಶದಲ್ಲಿ ಅದು ಬರುವುದು ಈ ಎರಡೇ ಕಡೆ. ಯಾಕೆ ಹಾಗೆ ಮಾಡಿದೆ ಅಂತ ಕೇಳಲಿಲ್ಲ. ಮೊದಲು ಊಟಕ್ಕೆ ಕರೆದರು. ಆಮೇಲೆ "ನೀನು ನನ್ನನ್ನು ಪ್ರೀತಿಸುತ್ತೀಯಾ?" ಅಂತ ಮೂರು ಸಲ ಕೇಳಿದರು. ಮೂರನೆಯ ಸಲ ಪೇತ್ರನಿಗೆ ನೋವಾಯಿತು. ಆ ನೋವನ್ನು ಯೇಸು ತಪ್ಪಿಸಲಿಲ್ಲ. ಗಾಯವಿದ್ದ ಜಾಗವನ್ನೇ ಮುಟ್ಟಿದರು. ಪ್ರತಿ ಸಲ ಅವನು ಹೌದು ಅಂದಾಗಲೂ ತಮ್ಮ ಕುರಿಗಳನ್ನು ಮೇಯಿಸಲು ಹೇಳಿದರು.

ಚಳ್ಳಕೆರೆ, ಹಿರಿಯೂರು ಸೀಮೆಯ ನಮ್ಮ ಜನಕ್ಕೆ ಈ ಮಾತಿನ ತೂಕ ಬೇಗ ಗೊತ್ತಾಗುತ್ತದೆ. ಕುರಿ ಸಾಕಿದವರಿಗೆ ಮಂದೆಯೇ ಆಸ್ತಿ. ಒಮ್ಮೆ ಕೈಕೊಟ್ಟವನನ್ನು ನಂಬಿ ಅದನ್ನು ಯಾರು ಬಿಡುತ್ತಾರೆ? ಹೋಗಲಿ ಬಿಡು ಅಂದು, ಆಮೇಲೆ ದೂರವೇ ಇಡುತ್ತೇವೆ. ನಾವು ಕ್ಷಮಿಸುವುದು ಜಾಸ್ತಿ ಹೀಗೇ. ಯೇಸು ಮಾತ್ರ ಕೈಕೊಟ್ಟವನ ಕೈಗೇ ಮಂದೆ ಒಪ್ಪಿಸಿದರು.

ಕೆಲವೇ ವಾರಗಳಲ್ಲಿ, ಯೆಹೂದ್ಯರ ಪೆಂತೆಕೋಸ್ತ್ ಹಬ್ಬದ ದಿನ, ಅದೇ ಜೆರುಸಲೇಮಿನಲ್ಲಿ ಪೇತ್ರ ಎಲ್ಲರ ಮುಂದೆ ಎದ್ದು ನಿಂತ. ಪಶ್ಚಾತ್ತಾಪಪಡಿ, ದೀಕ್ಷಾಸ್ನಾನ ಪಡೆಯಿರಿ, ನಿಮ್ಮ ಪಾಪಗಳಿಗೆ ಕ್ಷಮೆ ಸಿಗುತ್ತದೆ ಅಂತ ಗಟ್ಟಿಯಾಗಿ ಹೇಳಿದ. ಆ ದಿನ ಸುಮಾರು 3,000 ಜನ ಅವನ ಮಾತು ನಂಬಿದರು.