ಗಚ್ಚಿಯ ಮೇಲಿನ ಕೆಂಡ, ಬೋಹ್ರಿ ಆಳಿಯ ಸಾಮಾನು

ಡಿಸೆಂಬರ್ ಬಂತೆಂದರೆ ಪುಣೆಯವರಿಗೆ ಎರಡು ಹುಚ್ಚು. ಒಂದು ಸವಾಯಿ ಗಂಧರ್ವ ಸಂಗೀತೋತ್ಸವ, ಇನ್ನೊಂದು ಹುರಡಾ ಪಾರ್ಟಿ. ಹುರಡಾ ಅಂದರೆ ಬೇರೇನಲ್ಲ, ನಮ್ಮ ವಿಜಯಪುರದ ಕಡೆಯ ಸೀತನಿ. ಎಳೆ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನುವುದು. ಊರಲ್ಲಿ ಹೊಲದ ಬದುವಿನ ಮೇಲೆ ಕೂತು ಪುಕ್ಕಟೆ ತಿಂದದ್ದಕ್ಕೆ ಇಲ್ಲಿ ತಲೆಗೆ ಇಷ್ಟು ಅಂತ ರೊಕ್ಕ ಎಣಿಸಬೇಕು. ಜೊತೆಗೆ ಚಕ್ಕಡಿ ಸವಾರಿ, ಜೋಕಾಲಿ.

ಅಂಥ ಒಂದು ಪಾರ್ಟಿ ಮುಗಿಸಿ ಬರುವಾಗ ಕಾರಿನಲ್ಲಿ ನನ್ನ ತಲೆಗೆ ಹೊಕ್ಕಿತು: ನಮ್ಮ ಗಚ್ಚಿಯ ಮೇಲೂ ಕೆಂಡ ಮಾಡಬಹುದಲ್ಲ? (ನಾವು ಮಾಳಿಗೆ ಅನ್ನುವುದಕ್ಕೆ ಇಲ್ಲಿ ಗಚ್ಚಿ ಅಂತಾರೆ. ಹತ್ತು ವರ್ಷದಲ್ಲಿ ನನ್ನ ಬಾಯಿಗೂ ಅದೇ ಕೂತುಬಿಟ್ಟಿದೆ.) ಆ ರಾತ್ರಿಯೇ ಮೊಬೈಲಿನಲ್ಲಿ ಹುಡುಕಿ, ಒಂದು ಗ್ರಿಲ್ಲು, ಅದರ ಜೊತೆಗೆ ಹದಿನೆಂಟು ಸಾಮಾನಿನ ಒಂದು ಸೂಟ್‌ಕೇಸು ತರಿಸಿದೆ. ಸೂಟ್‌ಕೇಸು ನೋಡಲು ಡಾಕ್ಟರರ ಪೆಟ್ಟಿಗೆಯ ಹಾಗಿತ್ತು. ನನ್ನ ಹೆಂಡತಿ ಮುಚ್ಚಳ ತೆಗೆದು ಒಮ್ಮೆ ನೋಡಿ, "ಆಪರೇಶನ್ ಯಾರಿಗೆ ಮಾಡ್ತೀರಿ?" ಅಂದಳು.

ಆ ಹದಿನೆಂಟರಲ್ಲಿ ಎಂಟು ಮೆಕ್ಕೆಜೋಳ ಹಿಡಿಯುವ ಮುಳ್ಳುಗಳು. ಸಿಂಹಗಡದ ಮೇಲೆ ಸುಟ್ಟ ತೆನೆ ಮಾರುವ ಮಾವಶಿ ಅದನ್ನು ಸಿಪ್ಪೆಯಲ್ಲೇ ಹಿಡಿದು ಕೊಡುತ್ತಾಳೆ, ಇವತ್ತಿನವರೆಗೂ ಯಾರೂ ಕೈ ಸುಟ್ಟುಕೊಂಡಿಲ್ಲ. ಉಳಿದದ್ದರಲ್ಲಿ ಉಪ್ಪಿನ ಡಬ್ಬಿ, ಚಾಕು, ಮಾಂಸ ಚುಚ್ಚುವ ದೊಡ್ಡ ಫೋರ್ಕು. ಚುಚ್ಚಿದಷ್ಟೂ ತುಂಡಿನ ರಸ ಕೆಂಡದ ಪಾಲಾಗುತ್ತದೆ. ಇಕ್ಕಳವಂತೂ ಗೇಣುದ್ದ. ಮೊದಲ ಸಂಜೆಯೇ ನನ್ನ ಬಲಗೈಯ ಕೂದಲು ಮುಂಗೈಯಿಂದ ಮೊಣಕೈವರೆಗೆ ಚೊಕ್ಕಟವಾಯಿತು.

ಆ ಸಂಜೆಯ ದೊಡ್ಡ ಅನಾಹುತ ಅದಲ್ಲ. ಇದ್ದಿಲು ಹತ್ತಲಿಲ್ಲ. ಊದಿದೆ, ರಟ್ಟಿನಿಂದ ಬೀಸಿದೆ, ಕೊನೆಗೆ ತಾಳ್ಮೆಗೆಟ್ಟು ಸೀಮೆಎಣ್ಣೆ ಸುರಿದೆ. ಕಪ್ಪು ಹೊಗೆ ಕೆಳಗಿನ ಮಹಡಿಗಳ ಒಣಹಾಕಿದ ಬಟ್ಟೆ ಸವರಿಕೊಂಡು ಹೋಯಿತು. ಸೊಸೈಟಿಯ ಚೇರ್ಮನ್ ಕಾಕಾ ಬನಿಯನ್ನಿನ ಮೇಲೇ ಮೆಟ್ಟಿಲು ಹತ್ತಿ ಬಂದರು. "ಕಾಯ್ ಜಳತಂಯ್?" ಏನು ಸುಡುತ್ತಿದೆ ಅಂತ. ಪನೀರು ಅಂದೆ. ಒಂದು ತುಂಡು ಬಾಯಿಗೆ ಹಾಕಿಕೊಂಡರು. ಅವರ ಮುಖ ನೋಡಿ ನಾನು ತಿನ್ನುವ ಧೈರ್ಯ ಮಾಡಲಿಲ್ಲ. ಇನ್ನೊಮ್ಮೆ ಈ ವಾಸನೆ ಬಂದರೆ ಗಚ್ಚಿಗೆ ಬೀಗ ಅಂದು ಇಳಿದುಹೋದರು.

ಹಾಗಾಗಿ ನಾನು ನಿಜವಾಗಿ ಕೊಂಡ ಮೊದಲ ಉಪಯೋಗದ ವಸ್ತು ಇದ್ದಿಲು ಹತ್ತಿಸುವ ಚಿಮಣಿ. ಇದೊಂದಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ನೋಡಲು ತಳವಿಲ್ಲದ ಒಂದು ಡಬ್ಬಿ, ಒಳಗೆ ಕೆಳಗಿನಿಂದ ನಾಲ್ಕು ಬೆರಳು ಎತ್ತರದಲ್ಲಿ ಒಂದು ಜಾಲರಿ, ಸುತ್ತ ತೂತು, ಪಕ್ಕಕ್ಕೊಂದು ಹಿಡಿಕೆ. ಮೇಲೆ ಇದ್ದಿಲು ತುಂಬು, ಕೆಳಗೆ ಎರಡು ಹಾಳೆ ಹಳೆಯ ಪೇಪರು ಮುದುಡಿಟ್ಟು ಕಡ್ಡಿ ಗೀರು. ಬಿಸಿಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ಕೆಳಗಿನ ತೂತುಗಳಿಂದ ಹೊಸ ಗಾಳಿ ತಾನೇ ನುಗ್ಗುತ್ತದೆ. ಊದುಗೊಳವೆ ಬೇಡ, ಬೀಸಣಿಗೆ ಬೇಡ, ಸೀಮೆಎಣ್ಣೆ ಮೊದಲೇ ಬೇಡ. ಹದಿನೈದು ಇಪ್ಪತ್ತು ನಿಮಿಷಕ್ಕೆ ಮೇಲಿನ ಇದ್ದಿಲಿನ ಅಂಚಿಗೂ ಬೂದಿ ಕಟ್ಟುತ್ತದೆ. ಆಗ ಸುರಿಯುವುದು.

ಇದನ್ನು ಮಾಡಿಸಲೆಂದು ರವಿವಾರ ಪೇಠೆಯ ಬೋಹ್ರಿ ಆಳಿಗೆ ಹೋದೆ. ಆಳಿ ಅಂದರೆ ಓಣಿ. ಬೋಲ್ಟು, ಸರಪಳಿ, ಜಾಲರಿ, ಹಗ್ಗ, ಗಾಲಿ, ಏನು ಕೇಳಿದರೂ ಒಂದಲ್ಲ ಒಂದು ಅಂಗಡಿಯಲ್ಲಿ ಇರುತ್ತದೆ. ತಗಡಿನ ಕೆಲಸದವರೊಬ್ಬರು ಹೊಳೆಯುವ ಜಿ.ಐ. ಶೀಟು ತೋರಿಸಿ, ಇದು ತುಕ್ಕು ಹಿಡಿಯುವುದಿಲ್ಲ ಸಾಹೇಬ್, ಇದರಲ್ಲೇ ಮಾಡಿಕೊಡ್ತೀನಿ ಅಂದರು. ಬೇಡ ಅಂದೆ. ಆ ಹೊಳಪು ಸತುವಿನ ಲೇಪ. ಸತು 419 ಡಿಗ್ರಿಗೆ ಕರಗುತ್ತದೆ, 907ಕ್ಕೆ ಕುದಿಯುತ್ತದೆ. ಚಿಮಣಿಯೊಳಗಿನ ಕೆಂಡಕ್ಕೆ ಅದೇನು ದೊಡ್ಡದಲ್ಲ. ಆ ಹೊಗೆ ಕುಡಿದ ವೆಲ್ಡರುಗಳಿಗೆ ಚಳಿಜ್ವರ ಬರುವುದು ಆ ಓಣಿಯಲ್ಲಿ ಹೊಸ ಸುದ್ದಿಯೂ ಅಲ್ಲ. ಸಾದಾ ಕಬ್ಬಿಣದ ತಗಡಿನಲ್ಲೇ ಮಾಡಿಸಿದೆ. ತುಕ್ಕು ಹಿಡಿಯುತ್ತದೆ, ಹಿಡಿಯಲಿ. ಗ್ರಿಲ್ಲಿನ ಮೇಲೆ ಹಾಸುವ ಜಾಲರಿಗೂ ಇದೇ ಮಾತು. ಕೋಳಿಗೂಡಿಗೆ ಹಾಕುವ ಬಿಳಿ ಜಾಲರಿಯನ್ನು ಮಾತ್ರ ಕೆಂಡದ ಮೇಲೆ ಇಡಬೇಡಿ.

ಸ್ಟೀಲು ಕೊಳ್ಳುವಾಗ ಅಂಗಡಿಯವರು ಆಯಸ್ಕಾಂತ ಹಿಡಿದು ತೋರಿಸುತ್ತಾರೆ: ಅಂಟಲಿಲ್ಲ, ಅಂದರೆ 304 ದರ್ಜೆಯದು, ಒಳ್ಳೆ ಮಾಲು. ನಾನೂ ಹಾಗೇ ನಂಬಿದ್ದೆ. ಅಗ್ಗದ 202 ಕೂಡ ಆಯಸ್ಕಾಂತಕ್ಕೆ ಅಂಟುವುದಿಲ್ಲ, ಅದು ಗೊತ್ತಾದದ್ದು ಎರಡು ಮಳೆಗಾಲ ಗಚ್ಚಿಯಲ್ಲಿಟ್ಟ ಜಾಲರಿ ಕಂದುಬಣ್ಣಕ್ಕೆ ತಿರುಗಿದ ಮೇಲೆ. ಈಗ ಬಿಲ್ಲಿನ ಮೇಲೆ ದರ್ಜೆ ಬರೆದುಕೊಡಿ ಅಂತೀನಿ. ಬರೆಯಲು ಹಿಂದೆಮುಂದೆ ನೋಡಿದರೆ ಮುಂದಿನ ಅಂಗಡಿ.

ಅದೇ ಓಣಿಯಲ್ಲಿ ಹದಿನಾರು ಇಂಚಿನ ಚಿಮಟಾ, ಅಂದರೆ ಉದ್ದನೆಯ ಇಕ್ಕಳ, ಸಿಕ್ಕಿತು. ವೆಲ್ಡಿಂಗ್ ಮಾಡುವವರ ತೊಗಲಿನ ಕೈಗವಸೂ ಸಿಕ್ಕಿತು. ಗ್ರಿಲ್ಲಿಗೆಂದೇ ಮಾರುವ ಬಣ್ಣದ ಕೈಗವಸಿಗಿಂತ ಅಗ್ಗ, ಮೊಣಕೈವರೆಗೆ ಬರುತ್ತದೆ. ನೆನೆದರೆ ಮಾತ್ರ ಹಾಕಬಾರದು, ಒದ್ದೆ ತೊಗಲು ಬಿಸಿಯನ್ನು ನೇರ ಕೈಗೆ ದಾಟಿಸುತ್ತದೆ.

ಸಲಾಕೆಯಲ್ಲಿ ಚಪ್ಪಟೆಯದನ್ನೇ ಆರಿಸಿ. ದುಂಡನೆಯದಕ್ಕೆ ಪನೀರು ಪೋಣಿಸಿ ತಿರುಗಿಸಿದರೆ ಸಲಾಕೆಯಷ್ಟೇ ತಿರುಗುತ್ತದೆ, ಪನೀರು ಸುಟ್ಟ ಮಗ್ಗುಲಲ್ಲೇ ಮಲಗಿರುತ್ತದೆ. ಬಿದಿರಿನ ಕಡ್ಡಿಯಾದರೆ ಅರ್ಧ ತಾಸು ನೀರಲ್ಲಿ ನೆನೆಸಬೇಕು.

ಮುಚ್ಚಳವಿಲ್ಲದ ಗ್ರಿಲ್ಲು ಕೊಂಡದ್ದು ನನ್ನ ಎರಡನೇ ತಪ್ಪು. ಹನ್ನೊಂದನೇ ಮಹಡಿಯ ಮೇಲಿನ ಗಾಳಿ ನಮ್ಮ ಹೊಲದ ಗಾಳಿಯಂತಲ್ಲ, ಬೂದಿಯನ್ನೆಲ್ಲ ಎತ್ತಿ ಊಟದ ಮೇಲೆ ಹಾಕುತ್ತದೆ. 1952ರಲ್ಲಿ ಷಿಕಾಗೋ ಕಡೆಯ ಜಾರ್ಜ್ ಸ್ಟೀಫನ್ ಎಂಬಾತನಿಗೂ ಗಾಳಿ, ಹೊಗೆಯದೇ ಕಾಟ. ಆತ ಕೆಲಸ ಮಾಡುತ್ತಿದ್ದ ವೆಬರ್ ಕಾರ್ಖಾನೆಯಲ್ಲಿ ನೀರಿನ ಮೇಲೆ ತೇಲಿಬಿಡುವ ಲೋಹದ ಗುಂಡುಗಳನ್ನು ಮಾಡುತ್ತಿದ್ದರು. ಅಂಥದೊಂದನ್ನು ನಡುವೆ ಸೀಳಿ, ಕೆಳಗಿನರ್ಧಕ್ಕೆ ಕಾಲು, ಮೇಲಿನರ್ಧಕ್ಕೆ ಹಿಡಿಕೆ ಹಚ್ಚಿದ. ಇವತ್ತು ಎಲ್ಲ ಕಡೆ ಕಾಣುವ ದುಂಡು ಗ್ರಿಲ್ಲು ಅದೇ. ಮುಚ್ಚಳದಲ್ಲಿ, ತಳದಲ್ಲಿ ಗಾಳಿಕಂಡಿ ಇರಬೇಕು. ಅವನ್ನು ತೆರೆದರೆ ಉರಿ ಏರುತ್ತದೆ, ಮುಚ್ಚಿದರೆ ಇಳಿಯುತ್ತದೆ. ಕೆಂಡವನ್ನೆಲ್ಲ ಒಂದು ಮಗ್ಗುಲಿಗೆ ಸರಿಸಲು ಸಾಕಾಗುವಷ್ಟು ಅಗಲವೂ ಬೇಕು. ಕೆಂಡದ ಮೇಲೆ ಬಣ್ಣ ಬರಿಸಿ, ಕೆಂಡವಿಲ್ಲದ ಕಡೆ ಸರಿಸಿ ಒಳಗೆ ಬೇಯಿಸಿದರೆ ಕೋಳಿ ಕರಕಲಾಗುವುದಿಲ್ಲ.

ಕೋಳಿಯ ಮಾತು ಬಂತು. ಥರ್ಮಾಮೀಟರನ್ನು ನಾನು ಬಹಳ ದಿನ ನಕ್ಕು ತಳ್ಳಿಹಾಕಿದ್ದೆ. ಅಡಿಗೆಗೆ ಜ್ವರ ನೋಡುವುದೇನು ಅಂತ. ಒಮ್ಮೆ ಊರಿಂದ ಬಂದ ಸೋದರಮಾವನ ತಾಟಿನಲ್ಲಿ, ಹೊರಗೆ ಕಪ್ಪಗಿದ್ದ ಕಾಲು ಮುರಿದಾಗ ಒಳಗೆ ಕೆಂಪು ಹಸಿ. ಮಾವ ಏನೂ ಅನ್ನಲಿಲ್ಲ. ಸುಮ್ಮನೆ ತಾಟು ಸರಿಸಿ ರೊಟ್ಟಿ ಕೇಳಿದರು, ಬೈದಿದ್ದರೆ ಚಲೋ ಇತ್ತು. ಮರುದಿನವೇ ಸೂಜಿಯ ಥರ್ಮಾಮೀಟರು ತಂದೆ. ಎಲುಬಿಗೆ ತಾಗದಂತೆ ದಪ್ಪ ಭಾಗದ ನಡುವಿಗೆ ಚುಚ್ಚಬೇಕು, 74 ಡಿಗ್ರಿ ಸೆಲ್ಸಿಯಸ್ ತೋರಿಸಿದರೆ ಬೆಂದಿದೆ. ಸೀತನಿಗೆ ಕಣ್ಣು, ಮೂಗು ಸಾಕು. ಕೋಳಿಗೆ ಸಾಲದು.

ಇದ್ದಿಲಿನಲ್ಲಿ ಎರಡು ಜಾತಿ. ಕಟ್ಟಿಗೆಯದು ಬೇಗ ಹತ್ತಿ ಜೋರಾಗಿ ಉರಿದು ಬೇಗ ಆರುತ್ತದೆ, ಕಿಡಿಯೂ ಹಾರುತ್ತದೆ. ತೆಂಗಿನ ಕರಟದ ಬಿಲ್ಲೆಗಳು ನಿಧಾನ, ಆದರೆ ಒಂದೇ ಸಮ ಬಹಳ ಹೊತ್ತು ಇರುತ್ತವೆ. ನಾನು ಬೆರೆಸುತ್ತೇನೆ.

ತಂತಿಯ ಬ್ರಶ್ಶು ಎಸೆದುಬಿಟ್ಟೆ. ಅದರ ಒಂದೆಳೆ ಮುರಿದು ಜಾಲರಿಗೆ ಅಂಟಿ, ಊಟದೊಳಗೆ ಸೇರಿ ಗಂಟಲಿಗೆ ಹೋದವರಿದ್ದಾರೆ. ಬದಲಿಗೆ ಅವ್ವ ದೋಸೆ ಹಂಚಿಗೆ ಮಾಡುವುದೇ ಇಲ್ಲಿಯೂ: ಅರ್ಧ ಉಳ್ಳಾಗಡ್ಡಿ, ಎಣ್ಣೆಯಲ್ಲಿ ಅದ್ದಿ, ಚಿಮಟಾದಲ್ಲಿ ಹಿಡಿದು ಕಾದ ಜಾಲರಿಗೆ ತಿಕ್ಕುವುದು.

ಪಾವನಾ ಕೆರೆಯ ದಂಡೆಗೆ ಟೆಂಟು ಹಾಕಲು ಹೋಗುವ ಹುಡುಗರಿಗೆ ಒಂದು ಮಾತು ಹೇಳಲೇಬೇಕು. ಜನವರಿಯ ಚಳಿಗೆ ಆರುತ್ತಿರುವ ಶೆಗಡಿಯನ್ನು (ಕೆಂಡದ ಒಲೆಯನ್ನು) ಟೆಂಟಿನೊಳಗೆ ಎಳೆದುಕೊಳ್ಳುವ ಆಸೆಯಾಗುತ್ತದೆ. ಬೇಡ. ಬೂದಿ ಮುಚ್ಚಿದ ಕೆಂಡವೂ ಕಾರ್ಬನ್ ಮೊನಾಕ್ಸೈಡ್ ಬಿಡುತ್ತಲೇ ಇರುತ್ತದೆ, ಅದಕ್ಕೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಮನೆಯ ಬಾಲ್ಕನಿಗೆ ಗಾಜು ಹಾಕಿಸಿಕೊಂಡವರಿಗೂ ಇದೇ ಮಾತು. ಬೂದಿಗೆಂದು ಮುಚ್ಚಳದ ಕಬ್ಬಿಣದ ಬಕೆಟ್ಟು ಒಂದಿರಲಿ. ಆರಿತೆಂದು ಮರುದಿನ ಪ್ಲಾಸ್ಟಿಕ್ ಕಸದಬುಟ್ಟಿಗೆ ಸುರಿದು, ಬುಟ್ಟಿಯ ತಳವನ್ನೇ ಕಳಕೊಂಡವನು ನಾನು.

ಇಷ್ಟಾದ ಮೇಲೆ ಹೊಗೆಯ ದೂರು ನಿಂತಿತು. ಈಗ ಶನಿವಾರ ಸಂಜೆ ಚಿಮಣಿ ಹತ್ತಿಸಿದ ಅರ್ಧ ತಾಸಿಗೆ ಚೇರ್ಮನ್ ಕಾಕಾರ ಮೊಮ್ಮಗಳು ತಾಟು ಹಿಡಿದು ಮೇಲೆ ಬರುತ್ತಾಳೆ. ಅದರಲ್ಲಿ ಎಣ್ಣೆ ಸವರಿದ ಎರಡು ದೊಡ್ಡ ಬದನೆಕಾಯಿ ಇರುತ್ತವೆ. ಗ್ಯಾಸಿನ ಮೇಲೆ ಸುಟ್ಟರೆ ಬದನೆಕಾಯಿ ಭರತಕ್ಕೆ, ಅಂದರೆ ಸುಟ್ಟ ಬದನೆಯ ಗೊಜ್ಜಿಗೆ, ರುಚಿ ಬರುವುದಿಲ್ಲವಂತೆ.