ಅಪ್ರದಕ್ಷಿಣೆಗೂ ಮಾರ್ಕ್ಸಾ?

ಮೈಸೂರು
ಶನಿವಾರ, 2 ಆಗಸ್ಟ್ 2025

"ಪಕ್ಕದ ಮನೆಯವಳಿಗೆ 49 ಬಂದಿದೆಯಂತೆ. ನಂಗೂ ಹಾಕು ನೋಡೋಣ, ಎಷ್ಟು ಬರುತ್ತೋ."

ಚಪ್ಪಲಿ ಬಿಟ್ಟು ಒಳಗೆ ಬಂದಿದ್ದೆ ಅಷ್ಟೆ. ಅತ್ತೆ ಕಾಫಿ ಲೋಟ ಕೈಗೆ ಕೊಡುತ್ತಲೇ ಶುರು ಮಾಡಿದರು. ಪಕ್ಕದ ಮನೆಯವರು ನಮ್ಮ ಕ್ಲಿನಿಕ್‌ಗೆ ಬಂದು ಬರ್ಗ್ ಸ್ಕೇಲ್ ಅನ್ನೋ ಬ್ಯಾಲೆನ್ಸ್ ಪರೀಕ್ಷೆ ಮಾಡಿಸಿಕೊಂಡದ್ದು ನಿಜ, ಆದರೆ ಮಾರ್ಕ್ಸ್ ನಾನು ಹೇಳಿದ್ದಲ್ಲ ಮಾರಾಯರೇ, ಅವರೇ ಕಾಂಪೌಂಡಿನಾಚೆಯಿಂದ ಸಾರಿದ್ದು. ಪರೀಕ್ಷೆ ಅಂದ ಮೇಲೆ ಯಾರಿಗೆ ಎಷ್ಟು ಅಂತ ಕೇಳದೆ ಇರೋಕಾಗುತ್ತಾ ನಮ್ಮ ಜನಕ್ಕೆ. ಇಷ್ಟು ದಿನ ನಾನೇ ಕೇಳಿದರೂ "ನಂಗೇನಾಗಿದೆ" ಅನ್ನುತ್ತಿದ್ದವರು ಇವತ್ತು ಸೆರಗು ಸಿಕ್ಕಿಸಿಕೊಂಡು ಹಾಲ್ ಮಧ್ಯೆ ನಿಂತೇಬಿಟ್ಟರು.

ಬರ್ಗ್ ಸ್ಕೇಲ್ ಗೊತ್ತಿಲ್ಲದವರಿಗೆ: ಕೆನಡಾದ ಕ್ಯಾಥರೀನ್ ಬರ್ಗ್ ಮತ್ತು ಅವರ ಜೊತೆಯವರು 1989ರಲ್ಲಿ ಮಾಡಿದ್ದು. 14 ಕೆಲಸ, ಒಂದೊಂದಕ್ಕೂ 0ಯಿಂದ 4, ಒಟ್ಟು 56. ಕುರ್ಚಿಯಿಂದ ಏಳಬೇಕು, ಏನೂ ಹಿಡಿಯದೆ ಎರಡು ನಿಮಿಷ ನಿಲ್ಲಬೇಕು, ನೆಲದಿಂದ ಚಪ್ಪಲಿ ಎತ್ತಿಕೊಳ್ಳಬೇಕು, ಕೈ ಚಾಚಿ ಎಷ್ಟು ಮುಂದಕ್ಕೆ ಹೋಗುತ್ತೀರಿ ತೋರಿಸಬೇಕು, ಹೀಗೆ. ಬೇಕಾಗಿರೋದು ಕುರ್ಚಿ, ಒಂದು ಸ್ಟೂಲು, ಸ್ಕೇಲು, ವಾಚು. ನಿಂತವರ ಪಾದದಡಿ ಭಾರ ಎಲ್ಲೆಲ್ಲಿಗೆ ಸರಿಯುತ್ತೆ ಅಂತ ಮಿಲಿಮೀಟರ್ ಲೆಕ್ಕದಲ್ಲಿ ಹೇಳೋ ಹಲಗೆಗಳೂ ಇವೆ, ದೊಡ್ಡ ಜಾಗಗಳಲ್ಲಿ. ನಮ್ಮ ಹಾಲ್‌ಗೆ ಇಷ್ಟೇ ಸಾಕು.

ಎದ್ದದ್ದು, ಕೂತದ್ದು, ಚಪ್ಪಲಿ ಎತ್ತಿದ್ದು ಎಲ್ಲ ಸಲೀಸು. "ಇಷ್ಟೇನಾ?" ಅಂತ ನನ್ನನ್ನೇ ಕೇಳಿದರು. ಕಣ್ಣು ಮುಚ್ಚಿ ಹತ್ತು ಸೆಕೆಂಡು ನಿಲ್ಲಿ ಅಂದೆ. ಪಕ್ಕದಲ್ಲೇ ಕೈ ಅಡ್ಡ ಹಿಡಿದು ನಿಂತೆ.

ಇಂಥ ಹೊತ್ತಲ್ಲಿ ನಾನು ಮುಖ ನೋಡಲ್ಲ, ಪಾದ ನೋಡುತ್ತೇನೆ. ಕಣ್ಣು ಮುಚ್ಚಿದ ತಕ್ಷಣ ಅವರ ಹತ್ತೂ ಬೆರಳು ನೆಲವನ್ನು ಹಿಡಿಯೋಕೆ ಶುರು ಮಾಡಿದವು. ಉಗುರಿನ ತುದಿ ಬೆಳ್ಳಗಾಯಿತು. ಪಾದದ ಮೇಲಿನ ನರಗಳು ಎದ್ದು ಅಡಗಿ, ಮತ್ತೆ ಎದ್ದು. ಬಲಗಾಲಿನ ಕಾಲುಂಗುರ ಮೊಸಾಯಿಕ್ ಮೇಲೆ ಟಿಕ್ ಟಿಕ್ ಅಂತ ಸದ್ದು ಮಾಡುತ್ತಿತ್ತು, ಬೆರಳು ಒತ್ತೋದು ಬಿಡೋದು ನಡೀತಾ ಇತ್ತಲ್ಲ. ಮೇಲೆ ಮುಖ ಮಾತ್ರ ಶಾಂತ, ಮಂಗಳಾರತಿಗೆ ನಿಂತ ಹಾಗೆ. ಹತ್ತು ಸೆಕೆಂಡು ನಿಂತರು. ನನಗೇ ಜಾಸ್ತಿ ಹೊತ್ತಾದ ಹಾಗೆ ಅನ್ನಿಸಿತು.

ಆಮೇಲೆ ನಿಂತಲ್ಲೇ ಪೂರ್ತಿ ಒಂದು ಸುತ್ತು. ಬಲಕ್ಕೊಂದು, ಎಡಕ್ಕೊಂದು. ಬಲಕ್ಕೆ ಅಂದ ತಕ್ಷಣ ಕೈ ತಾನಾಗೇ ಜೋಡಿಸಿಕೊಂಡು ಸುತ್ತಿದರು, ದಿನಾ ದೇವರ ಮುಂದೆ ಮಾಡುವ ಆತ್ಮಪ್ರದಕ್ಷಿಣೆಯಲ್ವಾ, ಅಭ್ಯಾಸ. ಎಡಕ್ಕೆ ಅಂದೆ. ಕದಲಲಿಲ್ಲ.

"ಅಪ್ರದಕ್ಷಿಣೆ ಯಾಕೆ ಮಾಡ್ಲಿ? ಅದೆಲ್ಲ ಶ್ರಾದ್ಧಕ್ಕೆ."

"ಅತ್ತೆ, ಇದು ಪೂಜೆ ಅಲ್ಲ, ಪರೀಕ್ಷೆ."

"ಶ್ರಾವಣ ಶನಿವಾರ ಸಂಜೆ ಹೊತ್ತಲ್ಲಿ ಎಡಕ್ಕೆ ಸುತ್ತು ಅಂತೀಯಲ್ಲೇ. ಬರೆದವಳು ಕೆನಡಾದವಳು, ಅವಳಿಗೆ ಗೊತ್ತಿಲ್ಲ. ನಿಂಗೂ ಗೊತ್ತಾಗಲ್ವಾ?"

ಒಳಗಿಂದ ಇವರು ಜೋರಾಗಿ ನಕ್ಕರು. ಪುಟ್ಟಿ ಬೇರೆ "ಅಜ್ಜಿ, ನಾನು ಮಾಡ್ಲಾ?" ಅಂತ ಎಡಕ್ಕೆ ಗಿರಗಿರ ಸುತ್ತಿ ಸೋಫಾ ಮೇಲೆ ಬಿದ್ದಳು. ಕೊನೆಗೆ ಅತ್ತೆಯೇ ದಾರಿ ಹುಡುಕಿದರು. "ದೇವರಮನೆ ಬಾಗಿಲು ಹಾಕು, ಆಮೇಲೆ ತಿರುಗ್ತೀನಿ." ಹಾಕಿದೆ. ತಿರುಗಿದರು. ಬಲಕ್ಕೆ ಹೋದ ಧೈರ್ಯ ಎಡಕ್ಕೆ ಇರಲಿಲ್ಲ. ಚಿಕ್ಕ ಚಿಕ್ಕ ಹೆಜ್ಜೆ, ಲೆಕ್ಕ ಹಾಕಿ ಹಾಕಿ ಇಡೋ ಥರ. ನಿಂತ ಮೇಲೂ ದೇಹ ಇನ್ನೊಂದು ಚೂರು ಮುಂದಕ್ಕೆ ಹೋಯಿತು. ಅಭ್ಯಾಸ ಇರೋ ಕಡೆ ದೇಹ ಎಷ್ಟೊಂದನ್ನು ಮುಚ್ಚಿಡುತ್ತೆ ನೋಡಿ. ಎರಡೂ ಕಡೆ ತಿರುಗಿಸಿ ನೋಡಬೇಕು ಅಂತ ಆಯಮ್ಮ ಬರೆದದ್ದು ಸುಮ್ನೆ ಅಲ್ಲ.

ಒಂದರ ಮುಂದೆ ಒಂದು ಪಾದ ಇಟ್ಟು ನಿಲ್ಲೋದರಲ್ಲಿ ಪೂರ್ತಿ ಬರಲಿಲ್ಲ. ಒಂಟಿ ಕಾಲಲ್ಲಿ ಮೂರು ಸೆಕೆಂಡು ದಾಟಿತು, ಅಷ್ಟೆ. ಕೂಡಿಸಿದರೆ 46.

"ಮೂರು ಕಮ್ಮಿನಾ ಅವಳಿಗಿಂತ?"

45ಕ್ಕಿಂತ ಕೆಳಗೆ ಹೋದರೆ ಬೀಳೋ ಸಾಧ್ಯತೆ ಜಾಸ್ತಿ ಅಂತ ಮೊದಲಿಂದ ಹೇಳಿಕೊಂಡು ಬಂದಿದ್ದಾರೆ. ಅದನ್ನು ಗೀಟು ಎಳೆದ ಹಾಗೆ ನಂಬಬಾರದು ಅಂತಲೂ ಆಮೇಲೆ ಹೇಳಿದ್ದಾರೆ. 46 ಬಂದವರು ನಾಳೆನೇ ಬೀಳಬಹುದು, 43 ಇಟ್ಟುಕೊಂಡು ಆರಾಮಾಗಿ ಓಡಾಡೋರೂ ಇದ್ದಾರೆ. ಇದನ್ನೆಲ್ಲ ಅತ್ತೆಗೆ ಹೇಳಿದೆ. ಅವರು ಕೇಳಿಸಿಕೊಂಡದ್ದು "ಪಾಸ್" ಅನ್ನೋದೊಂದೇ.

ಆಮೇಲೆ ದಿವಾನ ಮೇಲೆ ಕೂತು ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಾ, ಏನೋ ತರಕಾರಿ ರೇಟು ಹೇಳುವ ಹಾಗೆ ಹೇಳಿದರು: "ಕಣ್ಣು ಮುಚ್ಚಿದ್ರೆ ಸ್ವಲ್ಪ ತೇಲಿದ ಹಾಗೆ ಆಗುತ್ತೆ ಕಣೇ. ಮುಖಕ್ಕೆ ಸೋಪು ಹಚ್ಚಿದಾಗ ಅದಕ್ಕೇ ನಲ್ಲಿ ಹಿಡ್ಕೋತೀನಿ."

"ಯಾವಾಗಿಂದ?"

"ಯುಗಾದಿ ಮುಂಚೆಯಿಂದ ಇರಬೇಕು."

14 ಕೆಲಸ ಮಾಡಿಸಿ ತಿಳಿದದ್ದಕ್ಕಿಂತ ಈ ಒಂದು ಮಾತು ಜಾಸ್ತಿ ಹೇಳಿತು. ನಾವು ನೆಟ್ಟಗೆ ನಿಲ್ಲೋಕೆ ಮೂರು ಕಡೆಯಿಂದ ಸುದ್ದಿ ಬರಬೇಕು. ಕಣ್ಣು, ಕಿವಿಯ ಒಳಭಾಗ, ಮತ್ತೆ ಪಾದ ಕೀಲುಗಳು. ಒಂದು ಕಮ್ಮಿಯಾದರೆ ಉಳಿದೆರಡು ಎಳೆದುಕೊಂಡು ಹೋಗುತ್ತವೆ. ಕಣ್ಣು ಮುಚ್ಚಿದಾಗ ಜೋಲಿ ಜಾಸ್ತಿ ಆದರೆ ಅಲ್ಲಿವರೆಗೆ ಕಣ್ಣೇ ಜಾಸ್ತಿ ದುಡೀತಾ ಇತ್ತು ಅಂತ ಅರ್ಥ. 19ನೇ ಶತಮಾನದಲ್ಲಿ ಬರ್ಲಿನ್‌ನ ರೊಂಬರ್ಗ್ ಅನ್ನೋ ಡಾಕ್ಟರು ಬೆನ್ನುಹುರಿ ಕೆಟ್ಟ ರೋಗಿಗಳಲ್ಲಿ ಇದನ್ನೇ ಗಮನಿಸಿ ಬರೆದದ್ದು. ಕಾಲಿನಿಂದ ಬರಬೇಕಾದ ಸುದ್ದಿ ನಿಂತುಹೋದವರು ಕಣ್ಣು ಮುಚ್ಚಿದ ಕೂಡಲೇ ತೂರಾಡುತ್ತಿದ್ದರು. ಮುಖ ತೊಳೆಯೋಕೆ ಬಗ್ಗಿದಾಗ ಬಿದ್ದುಬಿಡೋದು ಕೂಡ ಆ ಕಾಯಿಲೆಯ ಗುರುತು ಅಂತ ಕಾಲೇಜಲ್ಲಿ ಓದಿದ್ದೆ. ಅದು ನಮ್ಮ ಬಚ್ಚಲಿಗೆ ಬರುತ್ತೆ ಅಂತ ಯಾರಂದುಕೊಂಡಿದ್ದರು. ಅತ್ತೆಗೆ ಆ ಕಾಯಿಲೆ ಅಲ್ಲ, ಶುಗರ್ ಇದೆ, ಎಷ್ಟೋ ವರ್ಷದ್ದು, ಅದು ಹಳೇದಾದರೂ ಪಾದದ ಸ್ಪರ್ಶ ಕಮ್ಮಿಯಾಗಬಹುದು. ಅಂಗಾಲಿನ ಸ್ಪರ್ಶ ಎಷ್ಟು ಉಳಿದಿದೆ ನೋಡಬೇಕು. ಸೋಮವಾರ ಕ್ಲಿನಿಕ್‌ನಿಂದ ಟ್ಯೂನಿಂಗ್ ಫೋರ್ಕ್ ತರ್ತೀನಿ, ಅದರ ಕಂಪನ ಪಾದಕ್ಕೆ ಗೊತ್ತಾಗುತ್ತಾ ನೋಡೋಕೆ. ಬಿಪಿ ಈಗಲೇ ನೋಡಿದೆ, ಮಲಗಿಸಿ ಒಂದ್ಸಲ, ಎದ್ದು ನಿಂತ ಮೇಲೆ ಮೂರು ನಿಮಿಷದೊಳಗೆ ಮತ್ತೆ. ಮೇಲಿನದು 20 ಇಳಿದರೆ ಚಿಂತೆ. ಅಷ್ಟು ಇಳಿದಿಲ್ಲ, ಸದ್ಯ.

ಬಚ್ಚಲಿಗೆ ಹೋಗಿ ಆ ನಲ್ಲಿ ಅಲ್ಲಾಡಿಸಿ ನೋಡಿದೆ. ಪ್ಲಾಸ್ಟಿಕ್. ಗೋಡೆ ಹತ್ತಿರ ಆಗಲೇ ಸಡಿಲ. ಕಾಲು ತೊಳೆಯೋದು ಇನ್ನೂ ಬೇರೆ, ಒಂಟಿ ಕಾಲ ಮೇಲೆ ನಿಂತು ಇನ್ನೊಂದು ಪಾದದಿಂದ ಹಿಮ್ಮಡಿ ಉಜ್ಜೋದು, ಅದೂ ಒದ್ದೆ ನೆಲದ ಮೇಲೆ, ಹೊರಗಿಂದ ಬಂದಾಗಲೆಲ್ಲ. ಹಾಲ್‌ನಲ್ಲಿ ಒಣ ನೆಲದ ಮೇಲೆ ಮೂರು ಸೆಕೆಂಡು ನಿಂತವರು ಅಲ್ಲಿ ಹೇಗೆ ನಿಲ್ತಾರೆ ಅಂತ ಯಾವ ಶೀಟಲ್ಲೂ ಕಾಲಂ ಇಲ್ಲ.

ಗೋಡೆಗೆ ಸ್ಟೀಲಿನ ಹಿಡಿ ಹಾಕಿಸೋಣ ಅಂದೆ. ಇವರು ಟೈಲ್ಸ್ ಬಿರುಕು ಬಿಡುತ್ತೆ ಅಂದರು. ಅತ್ತೆ "ಆಸ್ಪತ್ರೆ ಥರ ಕಾಣುತ್ತೆ, ಹಬ್ಬಕ್ಕೆ ಬಂದೋರು ಏನಂದ್ಕೋತಾರೆ" ಅಂದರು. ಟೈಲ್ಸ್ ಬಿರುಕು ಬಿಟ್ಟರೆ ಬದಲಾಯಿಸಬಹುದು ಅಂತ ನಾನು ಸ್ವಲ್ಪ ಜೋರಾಗೇ ಹೇಳಿದೆ. ಮನೆ ತಣ್ಣಗಾಯಿತು.

ಅಷ್ಟರಲ್ಲಿ ಫ್ಯಾಮಿಲಿ ಗ್ರೂಪಲ್ಲಿ ಚಿಕ್ಕಮಾವ ಫಾರ್ವರ್ಡ್ ಮಾಡಿದ್ದರು. ಇವರು ಟೈಪ್ ಮಾಡಿ ಹೇಳಿರಬೇಕು ಪರೀಕ್ಷೆ ವಿಷಯ. "ಒಂಟಿ ಕಾಲಲ್ಲಿ 10 ಸೆಕೆಂಡು ನಿಲ್ಲದವರು ಬೇಗ ಸಾಯ್ತಾರೆ, ವಿಜ್ಞಾನಿಗಳ ಎಚ್ಚರಿಕೆ!" ಕೆಂಪು ಅಕ್ಷರ. ಬ್ರೆಜಿಲ್‌ನಲ್ಲಿ ಮಾಡಿದ್ದು ಅದು, 2022ರಲ್ಲಿ ಬಂತು. 1,702 ಜನ, ವಯಸ್ಸು 51ರಿಂದ 75. ನಿಲ್ಲಲಾಗದವರಲ್ಲಿ ಸಾವಿನ ಅಪಾಯ 84% ಜಾಸ್ತಿ ಕಂಡಿತ್ತು, ನಿಜ. ಆದರೆ ನಿಲ್ಲಲಾಗದವರಿಗೆ ಮೊದಲೇ ಶುಗರ್, ತೂಕ, ಅದೂ ಇದೂ ಜಾಸ್ತಿ ಇತ್ತು. ಲೆಕ್ಕದಲ್ಲಿ ಕೆಲವನ್ನು ಸರಿದೂಗಿಸಿದ್ದರೂ, ಕಾಲು ಕೆಳಗಿಟ್ಟದ್ದಕ್ಕೇ ಸತ್ತರು ಅಂತ ಯಾರೂ ಹೇಳಿಲ್ಲ. ಮೇಲಾಗಿ ಅತ್ತೆಗೆ 76. ಆ ಲೆಕ್ಕದಲ್ಲಿ ಇವರು ಇಲ್ಲವೇ ಇಲ್ಲ. ಇಷ್ಟನ್ನೂ ಗ್ರೂಪಲ್ಲಿ ಬರೆದು, ಕಳಿಸದೆ ಅಳಿಸಿದೆ. ಚಿಕ್ಕಮಾವನ ಜೊತೆ ವಾದ ಯಾರಿಗೆ ಬೇಕು. ಅತ್ತೆ ಫೋನ್‌ನಿಂದ ಮಾತ್ರ ಆ ಮೆಸೇಜ್ ತೆಗೆದಿದ್ದೇನೆ.

ಈಗ ಹತ್ತೂವರೆ. ಎಲ್ಲ ಮಲಗಿದ್ದಾರೆ. ರಾತ್ರಿ ಎದ್ದರೆ ಹಾದಿಗೆ ಬೆಳಕಿರಲಿ ಅಂತ ಪ್ಯಾಸೇಜ್ ಲೈಟ್ ಹಾಕಿಟ್ಟೆ. ಅತ್ತೆ ಎದ್ದು ಬಂದು ಕರೆಂಟ್ ಬಿಲ್ ಅಂತ ಆರಿಸಿದರು. ಮತ್ತೆ ಹಾಕಿದ್ದೇನೆ.

ಶುಕ್ರವಾರ ವರಮಹಾಲಕ್ಷ್ಮಿ. ಕಳಸ ಕೂರಿಸಿದ ಮೇಲೆ ಮೂರು ಸುತ್ತು, ಕಣ್ಣು ಮುಚ್ಚಿಕೊಂಡೇ ಸುತ್ತುತ್ತಾರೆ ಅವರು, ಹೊಸ ರೇಷ್ಮೆ ಸೀರೆ, ನೆರಿಗೆ ಕಾಲಿಗೆ ಸಿಗೋ ಥರ. ಬೇಡ ಅನ್ನೋಕಾಗಲ್ಲ, ಅನ್ನೋದೂ ಇಲ್ಲ. ನಾನು ಪಕ್ಕದಲ್ಲಿ ಕೈ ಅಡ್ಡ ಹಿಡಿದು ನಿಂತರೆ ಬಂದೋರೆದುರು ಗೊತ್ತಾಗುತ್ತೆ, ಸಿಟ್ಟು ಬರುತ್ತೆ. ಕಣ್ಣು ಬಿಟ್ಟುಕೊಂಡು ಸುತ್ತಿ, ದೇವಿ ಅಲಂಕಾರ ನೋಡ್ತಾ ಸುತ್ತಿ ಅಂದರೆ ಒಪ್ಪಬಹುದೇನೋ. ಅಥವಾ ಪುಟ್ಟೀನ ಆರತಿ ತಟ್ಟೆ ಕೊಟ್ಟು ಎಡಗಡೆ ನಿಲ್ಲಿಸೋದು, ಅಜ್ಜಿ ಹೆಗಲು ಹಿಡ್ಕೊಳ್ಳೋ ಎತ್ತರಕ್ಕೆ ಬಂದಿದ್ದಾಳೆ ಈಗ, ಆದರೆ ಅವಳೂ ಜೊತೆಗೆ ಗಿರಗಿರ ಅಂತ ಸುತ್ತಿಬಿಟ್ಟರೆ?